ನಿಮ್ಮೂರಲ್ಲಿ ಯಾರು ಯಾರ ಜೊತೆ ಬೆರೆತರು? ಪತ್ತೆ ಹಚ್ಚೋದು ಹೀಗೆ

ಊಟದಿಂದ ಶುರು ಮಾಡಿ, ಕೋಟೆ ಆಮೇಲೆ ನೋಡೋಣ. ನಮ್ಮ ರಾಯಚೂರು, ಕೊಪ್ಪಳ ಕಡೆಯ ಒಗ್ಗರಣೆ-ಮಿರ್ಚಿ (ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ) ಪಕ್ಕಾ ನಮ್ಮದೇ, ಅಲ್ವಾ? ಮೆಣಸಿನಕಾಯಿ ಹುಟ್ಟಿದ್ದು ಮಾತ್ರ ಅಮೆರಿಕ ಖಂಡದಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಬಂತು. ಕಡಲೆಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಟ್ಟವರು ನಾವು. ಹಾಗಾಗಿ ಯಾವುದು ಶುದ್ಧ ಅನ್ನೋ ಪ್ರಶ್ನೆ ಬಿಟ್ಟುಬಿಡಿ, ಸುಮ್ನೆ ಜಗಳಕ್ಕೆ ದಾರಿ.

ಕೇಳಬೇಕಾದ್ದು ಎರಡೇ: ಏನು ಯಾವ ದಾರಿಯಲ್ಲಿ ಬಂತು, ಅದು ಬಂದ ಮೇಲೆ ಏನು ಹೋಯಿತು?

ಇದಕ್ಕೆ ಸಿಂಧನೂರು ಇಲ್ಲವೇ ಗಂಗಾವತಿ ಬಸ್ಸು ಹತ್ತಿ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂತು. ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪ್ ಅಂತ ಕರೆಯುವ ಹೊಸ ಊರು ಕಟ್ಟಿಕೊಂಡರು, ಜೋಳ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು, ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಅನ್ನ ಜಾಸ್ತಿಯಾಯಿತು. ಮುಂದೆ ಸಿಂಧನೂರಿನ ಸುತ್ತ ಪೂರ್ವ ಬಂಗಾಳದ ನಿರಾಶ್ರಿತರಿಗೂ ಕ್ಯಾಂಪ್ ಆದವು. ದುಡ್ಡು ಹಿಡಿದು ಬಂದವರೂ ಊರು ಕಳೆದುಕೊಂಡು ಬಂದವರೂ ಒಂದೇ ಥರ ಬೆರೆಯುವುದಿಲ್ಲ, ಅದಕ್ಕೇ ಎರಡೂ ಕಡೆ ಹೋಗಿ. ‘ನಿಮ್ಮ ಸಂಸ್ಕೃತಿ ಏನು’ ಅಂತ ಮಾತ್ರ ಕೇಳಬೇಡಿ, ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಯಾವ ಭಾಷೆ, ಸಂತೆಯಲ್ಲಿ ಯಾವುದು, ಮದುವೆ ಊಟಕ್ಕೆ ಏನು ಮಾಡಿಸುತ್ತೀರಿ, ಮೊಮ್ಮಕ್ಕಳು ಅಜ್ಜಿ ಜೊತೆ ಯಾವ ಭಾಷೆಯಲ್ಲಿ ಜಗಳ ಆಡುತ್ತಾರೆ ಅಂತ ಕೇಳಿ. ಹೊಲ ಮಾರಿದವರ ಮನೆಗೂ ಹೋಗಿ. ಅಲ್ಲಿ ಬೇರೆಯೇ ಕಥೆ ಸಿಗುತ್ತದೆ.

ಮೊಹರಂ ಹೊತ್ತಿಗೆ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಹೋಗಿ. ಇಮಾಮ್ ಹುಸೇನ್ ಹುತಾತ್ಮರಾದ ಕರ್ಬಲಾದ ಕಥೆ ಇಲ್ಲಿ ಕನ್ನಡದ ರಿವಾಯತ್ ಪದವಾಗಿದೆ, ಅಂದರೆ ಮೊಹರಂ ಹಾಡಾಗಿದೆ. ಹರಕೆ ಹೊತ್ತ ಹಿಂದೂಗಳು ಹಬ್ಬದ ದಿನಗಳಿಗೆ ಫಕೀರರಾಗುತ್ತಾರೆ. ಈ ಭಾಗದಲ್ಲಿ ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು (ಮೊಹರಂನಲ್ಲಿ ಕೂರಿಸುವ ಪಂಜಾ, ಅಂದರೆ ಲೋಹದ ಹಸ್ತದ ಗುರುತು) ಕೂಡುತ್ತವೆ. ಎಲ್ಲರೂ ಇದಕ್ಕೆ ‘ಭಾವೈಕ್ಯ’ ಅಂತ ಹೆಸರಿಟ್ಟು, ಫೋಟೋ ಹೊಡೆದು, ಮನೆಗೆ ಬರುತ್ತಾರೆ. ನೀವು ಸ್ವಲ್ಪ ನಿಂತು ನೋಡಿ: ಪಂಜಾ ಹಿಡಿದವರು ಯಾರು, ಬೆಂಕಿ ಹಾಕುವ ಕುಣಿ ತೋಡಿದವರು ಯಾರು, ಹಲಗೆ ಬಾರಿಸುವವರು ಯಾರು? ಧರ್ಮದ ಗೆರೆ ಅಳಿಸಿದ ಕಡೆಯೂ ಜಾತಿಯ ಗೆರೆ ಉಳಿದಿರಬಹುದು.

ಬರೆದುಕೊಳ್ಳುವಾಗ ಹೇಳಿದವರ ವಯಸ್ಸು, ಊರು ಪಕ್ಕದಲ್ಲೇ ಹಾಕಿ. ರೆಕಾರ್ಡ್ ಮಾಡುವ ಮುಂಚೆ ಕೇಳಿ. ಕೊನೆಗೆ, ಕಾಲುವೆ ನೀರು ಮುಟ್ಟದ ಒಂದು ಹಳ್ಳಿಗೂ ಹೋಗಿ ಇದೇ ಪ್ರಶ್ನೆಗಳನ್ನು ಕೇಳಿ. ಅಲ್ಲೂ ರೊಟ್ಟಿ ಕಮ್ಮಿಯಾಗಿದ್ದರೆ ಕಾರಣ ಬರೀ ನೀರಲ್ಲ. ರೇಷನ್ ಅಂಗಡಿಯ ಅಕ್ಕಿ ಕಡೆಯೂ ಒಮ್ಮೆ ನೋಡಬೇಕಾಗುತ್ತದೆ.