ಜು-ಸಾನ್-ಲಿ: ಸೂಜಿಗೆ ಮೊದಲು ಬೆರಳಿನ ಕೆಲಸ

ಅಕ್ಯುಪಂಕ್ಚರ್ ಪಟದಲ್ಲಿ 14 ನಾಳಗಳು (ಮೈಯಲ್ಲಿ ಚೈತನ್ಯ ಹರಿಯುತ್ತದೆ ಎಂದು ಚೀನಿಯರು ನಂಬಿದ ದಾರಿಗಳು), 361 ಬಿಂದುಗಳು. ಕೈ ಪಳಗಿಸಿಕೊಳ್ಳಲು ನನ್ನ ಆಯ್ಕೆ ಜಠರ ನಾಳದ 36ನೆಯದು, ಚೀನಿಯರ ಜು-ಸಾನ್-ಲಿ. ಹೊಟ್ಟೆಯುಬ್ಬರ, ವಾಕರಿಕೆ, ಮಂಡಿನೋವಿಗೆ ಬಳಸುವ ಜಾಗ. ಅಲ್ಲಿ ಸ್ನಾಯು ದಪ್ಪ. ಭುಜದ ಬಿಂದುಗಳಲ್ಲಿರುವಂತೆ ಶ್ವಾಸಕೋಶಕ್ಕೆ ಚುಚ್ಚುವ ಭಯವಿಲ್ಲ. ಆದರೆ ಮಲ ಕಪ್ಪಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ ಸೂಜಿ ಕೈಗೆತ್ತಿಕೊಳ್ಳುವುದೇ ಇಲ್ಲ. ಮೊದಲು ಆಸ್ಪತ್ರೆಯ ತಪಾಸಣೆ.

ಅಳತೆ ರೋಗಿಯ ಕೈಯಿಂದಲೇ. ಅವರ ಹೆಬ್ಬೆರಳ ಗೆಣ್ಣಿನ ಅಗಲ ಒಂದು ತ್ಸುನ್. ನಾಲ್ಕು ಬೆರಳು ಜೋಡಿಸಿದರೆ ಮೂರು. ಆಯುರ್ವೇದದ ಸ್ವಾಂಗುಲಿ ಪ್ರಮಾಣವೂ ಹೀಗೆ ರೋಗಿಯ ಬೆರಳಿನಿಂದಲೇ. ಚಿಕಿತ್ಸಕರು ತಮ್ಮ ದಪ್ಪ ಬೆರಳಿಂದ ಅಳೆದರೆ ಸಣ್ಣ ಮೈಯವರಲ್ಲಿ ಬಿಂದು ಕೆಳಗೆ ಜಾರುತ್ತದೆ. ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು.

ರೋಗಿಯನ್ನು ಅಂಗಾತ ಮಲಗಿಸಿ ಮಂಡಿಯ ಕೆಳಗೆ ದಿಂಬು ಇಡುತ್ತೇನೆ. ಮಂಡಿಚಿಪ್ಪಿನ ಕೆಳಗೆ ಎರಡು ಗುಳಿ ಕಾಣುತ್ತವೆ. ಹೊರಗಿನ ಗುಳಿಗೆ ಚೀನಿಯರು ಇಟ್ಟ ಹೆಸರು ‘ಕರುವಿನ ಮೂಗು’. ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಲ್ಲಿಂದ ಮೂರು ತ್ಸುನ್ ಕೆಳಗೆ, ಕಣಕಾಲ ಮೂಳೆಯ ಏಣಿನಿಂದ ಒಂದು ಬೆರಳಗಲ ಹೊರಕ್ಕೆ. ಪಾದ ಮೇಲಕ್ಕೆ ಎತ್ತಲು ಹೇಳಿದರೆ ಸ್ನಾಯು ಉಬ್ಬಿ ತಾನೇ ಜಾಗ ತೋರಿಸುತ್ತದೆ. ಹೆಬ್ಬೆರಳಿಂದ ಒತ್ತಿ ಹುಡುಕಿ, ‘ಹಾಂ, ಅಲ್ಲೇ’ ಅನ್ನುವ ಕಡೆ ನಿಲ್ಲಬೇಕು. 1027ರಲ್ಲಿ ಚೀನಾದ ವೈದ್ಯ ವಾಂಗ್ ವೇಯಿ ಎರಕ ಹೊಯ್ಯಿಸಿದ, ಬಿಂದುಗಳಲ್ಲಿ ತೂತಿದ್ದ ಕಂಚಿನ ಬೊಂಬೆಗಳಿಗೆ ಮೇಣ ಸವರಿ, ಒಳಗೆ ದ್ರವ ತುಂಬಿ ವಿದ್ಯಾರ್ಥಿಗಳ ಪರೀಕ್ಷೆ ಮಾಡುತ್ತಿದ್ದರಂತೆ: ಸರಿಯಾಗಿ ಚುಚ್ಚಿದರೆ ದ್ರವ ಜಿನುಗುತ್ತದೆ. ಕಂಚಿನ ಕಾಲು ಅಲುಗುವುದಿಲ್ಲ, ಬಾತುಕೊಳ್ಳುವುದೂ ಇಲ್ಲ. ಆ ಮಟ್ಟಿಗೆ ಅದು ಸುಲಭದ ಪರೀಕ್ಷೆ.

ಸೂಜಿ 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ್ದು, ಒಮ್ಮೆ ಮಾತ್ರ ಬಳಸುವಂಥದ್ದು. ಶೇ 70ರ ಆಲ್ಕೋಹಾಲ್‌ನಿಂದ ಒರೆಸಿ ಆರಲು ಬಿಡಬೇಕು. ಹಸಿಯಿದ್ದಾಗ ಚುಚ್ಚಿದರೆ ಉರಿಯುತ್ತದೆ. ನೇರವಾಗಿ 25ರಿಂದ 30 ಮಿ.ಮೀ. ಇಳಿಸುತ್ತೇನೆ. ಹಿಡಿಯವರೆಗೆ ಎಂದೂ ಇಳಿಸಬಾರದು: ಸೂಜಿ ಮುರಿಯುವುದಾದರೆ ಹೆಚ್ಚಾಗಿ ಹಿಡಿಯ ಬುಡದಲ್ಲೇ.

ಆಮೇಲೆ ‘ದೆ-ಚಿ’: ರೋಗಿಗೆ ಮಂದ ನೋವು, ಜೋಮು, ಬಿಗಿತ, ಭಾರ, ನಮ್ಮ ಬೆರಳಿಗೆ ಗಾಳಕ್ಕೆ ಮೀನು ಕಚ್ಚಿದ ಎಳೆತ. ಬೆಣ್ಣೆಗೆ ಚುಚ್ಚಿದಂತೆ ಸಡಿಲವಾಗಿದ್ದರೆ ಸೂಜಿಯನ್ನು ಎರಡೂ ಕಡೆಗೆ ಅರ್ಧ ಸುತ್ತಿಗಿಂತ ಕಡಿಮೆ ತಿರುವುತ್ತೇನೆ. ಕಾಲ್ಬೆರಳವರೆಗೆ ಕರೆಂಟ್ ಹೊಡೆದಂತಾದರೆ ಅದು ದೆ-ಚಿಯಲ್ಲ, ನರ. ತಕ್ಷಣ ಹಿಂದಕ್ಕೆ ಎಳೆದು ದಿಕ್ಕು ಬದಲಿಸಬೇಕು.

ಒಂದೇ ಕಡೆ ತಿರುವುತ್ತಾ ಹೋದರೆ ಸ್ನಾಯುವಿನ ಎಳೆ ಸುತ್ತಿಕೊಂಡು ಸೂಜಿ ಕಚ್ಚಿಕೊಳ್ಳುತ್ತದೆ. ಜಗ್ಗಬೇಡಿ. ತಿರುಗಿಸಿದ ವಿರುದ್ಧ ದಿಕ್ಕಿಗೆ ಬಿಚ್ಚಿ, ಸುತ್ತಲೂ ಮೆಲ್ಲಗೆ ತಟ್ಟಿ. ಆಗಲೂ ಬಿಡದಿದ್ದರೆ ಪಕ್ಕದಲ್ಲೊಂದು ಸೂಜಿ ಹಾಕಿ ಸ್ವಲ್ಪ ಕಾಯಿರಿ. ಕಾಲು ಅಲ್ಲಾಡಿಸಿ ಸೂಜಿ ಬಾಗಿದ್ದರೆ ಕಾಲನ್ನು ಮೊದಲಿನ ಸ್ಥಿತಿಗೆ ತಂದು, ಬಾಗಿದ ದಿಕ್ಕಿನಲ್ಲೇ ತೆಗೆಯಬೇಕು.

20ರಿಂದ 25 ನಿಮಿಷ ಸಾಕು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ, ಅದರಲ್ಲೂ ಮೊದಲ ಸಲದವರಿಗೆ, ತಲೆ ಸುತ್ತುವುದು ಹೆಚ್ಚು. ಮುಖ ಬಿಳಿಚಿ ಬೆವರು ಬಂತೋ, ಎಲ್ಲ ಸೂಜಿ ತೆಗೆದು ಕಾಲು ಎತ್ತರಿಸಿ, ಚೇತರಿಸಿಕೊಂಡ ಮೇಲೆ ಸಿಹಿ ನೀರು. ರಕ್ತ ತೆಳುಮಾಡುವ ಮಾತ್ರೆಯ ವಿಷಯ ಮೊದಲೇ ಕೇಳಿರಬೇಕು. ತೆಗೆದ ಜಾಗಕ್ಕೆ ಒಣ ಹತ್ತಿ ಒತ್ತಿ, ಹಾಕಿದ ಸೂಜಿಗಳಿಗೂ ತೆಗೆದವಕ್ಕೂ ಲೆಕ್ಕ ತಾಳೆ ನೋಡಿ, ತೂತಾಗದ ಬಿಳಿ ಡಬ್ಬಿಗೆ ಹಾಕುತ್ತೇನೆ.