ರೌಟರ್ ಸೆಟ್ಟಿಂಗ್ಸ್ ಪುಟ ತೆರೆಯುತ್ತಿಲ್ಲವೇ? ರೀಸೆಟ್ ಒತ್ತುವ ಮುನ್ನ ಇಷ್ಟು ನೋಡಿ

ವೈಫೈ ಪಾಸ್‌ವರ್ಡ್ ಬದಲಿಸೋಣ ಅಂತ ಬ್ರೌಸರ್‌ನಲ್ಲಿ 192.168.1.1 ಟೈಪ್ ಮಾಡುತ್ತೀರಿ. ಪುಟ ಸುಮ್ಮನೆ ಸುತ್ತುತ್ತಾ ನಿಲ್ಲುತ್ತದೆ. ಆಗ ಬಹಳಷ್ಟು ಜನ ಪಿನ್ನು ಹುಡುಕಿ ರೌಟರ್ ಹಿಂದಿನ ರೀಸೆಟ್ ತೂತಿಗೆ ಚುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಎಸ್‌ಎನ್‌ಎಲ್ ಅಥವಾ ಊರಿನ ಕೇಬಲ್‌ನವರು ಕೊಟ್ಟ ಫೈಬರ್ ಬಾಕ್ಸನ್ನು ರೀಸೆಟ್ ಮಾಡಿದರೆ ಅದರೊಳಗೆ ಅವರು ತುಂಬಿಟ್ಟಿದ್ದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ (ರೌಟರ್ ಅವರ ಇಂಟರ್ನೆಟ್‌ಗೆ ಲಾಗಿನ್ ಆಗುವ ವಿವರ), ವಿಲ್ಯಾನ್ ನಂಬರ್ (ಅವರ ಲೈನಿನಲ್ಲಿ ಇಂಟರ್ನೆಟ್ ಹರಿವನ್ನು ಬೇರೆಯಾಗಿ ಗುರುತಿಸುವ ಸಂಖ್ಯೆ) ಅಳಿಸಿಹೋಗುವ ಸಾಧ್ಯತೆ ಹೆಚ್ಚು. ಸೆಟ್ಟಿಂಗ್ಸ್ ಪುಟವೇನೋ ಸಿಗುತ್ತದೆ, ಆದರೆ ಲೈನ್‌ಮನ್ ಬಂದು ಮತ್ತೆ ತುಂಬುವವರೆಗೆ ಮನೆಗೆ ಇಂಟರ್ನೆಟ್ ಇಲ್ಲ. ಪುಟ ತೆರೆಯದಿರುವುದಕ್ಕೆ ಸಾಮಾನ್ಯವಾಗಿ ರೌಟರ್ ಕೆಟ್ಟಿರುವುದು ಕಾರಣವಲ್ಲ. ವಿಳಾಸ ತಪ್ಪಿರುತ್ತದೆ, ಇಲ್ಲವೇ ನಿಮ್ಮ ಫೋನು ಆ ರೌಟರ್ ಜೊತೆ ಮಾತಾಡುತ್ತಲೇ ಇರುವುದಿಲ್ಲ.

ಮೊದಲು ಸರಿಯಾದ ವಿಳಾಸ ತಿಳಿದುಕೊಳ್ಳಿ

192.168 ಎಂದು ಶುರುವಾಗುವ ವಿಳಾಸಗಳು ಯಾರೊಬ್ಬರ ಸ್ವತ್ತೂ ಅಲ್ಲ. 1996ರಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ 10, 172.16ರಿಂದ 172.31, ಮತ್ತು 192.168 ಎಂದು ಶುರುವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆ ಬಿಟ್ಟುಕೊಟ್ಟಿದೆ. ಪ್ರತಿ ಬೀದಿಯಲ್ಲೂ ಒಂದನೇ ನಂಬರಿನ ಮನೆ ಇರುವ ಹಾಗೆ, ಲಕ್ಷಾಂತರ ಮನೆಗಳಲ್ಲಿ 192.168.1.1 ಇರುತ್ತದೆ. ಆದರೆ ಎಲ್ಲ ಕಂಪನಿಗಳೂ ಅದನ್ನೇ ಆರಿಸಿಕೊಂಡಿಲ್ಲ. ಟೆಂಡಾದಲ್ಲಿ 192.168.0.1, ಟಿಪಿ-ಲಿಂಕ್ ಮತ್ತು ಡಿ-ಲಿಂಕ್‌ಗಳಲ್ಲಿ ಮಾಡೆಲ್ ನೋಡಿಕೊಂಡು 192.168.0.1 ಅಥವಾ 192.168.1.1, ಜಿಯೋ ಫೈಬರ್ ಬಾಕ್ಸ್‌ಗಳಲ್ಲಿ 192.168.29.1, ಶಿಯೋಮಿಯಲ್ಲಿ 192.168.31.1, ಹುವಾವೇ ಫೈಬರ್ ಬಾಕ್ಸ್‌ಗಳಲ್ಲಿ ಹೆಚ್ಚಾಗಿ 192.168.100.1.

ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಫೋನಿಗೂ ಕಂಪ್ಯೂಟರಿಗೂ ಸರಿಯಾದ ವಿಳಾಸ ಈಗಾಗಲೇ ಗೊತ್ತಿದೆ. ಅದರ ಹೆಸರು ಡಿಫಾಲ್ಟ್ ಗೇಟ್‌ವೇ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿಕಾನ್ಫಿಗ್ (ipconfig) ಎಂಬ ಕಮಾಂಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ. ವೈಫೈಯಲ್ಲಿದ್ದರೆ ವೈಫೈ ಅಡಾಪ್ಟರ್ ಎಂಬ ಭಾಗವನ್ನೇ, ಕೇಬಲ್‌ನಲ್ಲಿದ್ದರೆ ಈಥರ್ನೆಟ್ ಭಾಗವನ್ನೇ ನೋಡಿ. ಅದರ ಕೊನೆಯ ಸಾಲಿನಲ್ಲಿ ಡಿಫಾಲ್ಟ್ ಗೇಟ್‌ವೇ ಎದುರಿಗಿರುವ ಸಂಖ್ಯೆಯೇ ನಿಮಗೆ ಬೇಕಾದದ್ದು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವೈಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಪಕ್ಕದ ಗೇರ್ ಚಿಹ್ನೆ ಒತ್ತಿ ಕೆಳಗೆ ಸರಿಸಿದರೆ ಗೇಟ್‌ವೇ ಕಾಣುತ್ತದೆ. ಐಫೋನ್‌ನಲ್ಲಿ ನೆಟ್‌ವರ್ಕ್ ಹೆಸರಿನ ಪಕ್ಕದ ಐ ಚಿಹ್ನೆ ಒತ್ತಿದರೆ ರೌಟರ್ ಎಂಬ ಸಾಲಿನಲ್ಲಿ ಅದೇ ಇರುತ್ತದೆ.

ಕಂಪ್ಯೂಟರ್ ತೋರಿಸುವ ಐಪಿ ವಿಳಾಸ 169.254 ಎಂದು ಶುರುವಾಗಿ ಗೇಟ್‌ವೇ ಖಾಲಿ ಇದ್ದರೆ ಬ್ರೌಸರ್ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಕಂಪ್ಯೂಟರಿಗೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಕೇಬಲ್ ಸಡಿಲವಾಗಿರಬಹುದು, ರೌಟರ್ ಹ್ಯಾಂಗ್ ಆಗಿರಬಹುದು, ಅಥವಾ ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಆಫ್ ಆಗಿರಬಹುದು. ಕೇಬಲ್‌ನ ಇನ್ನೊಂದು ತುದಿ ರೌಟರ್‌ನ ಲ್ಯಾನ್ (ಮನೆಯ ಸಾಧನಗಳಿಗೆ ಇರುವ) ತೂತಿನಲ್ಲೇ ಇದೆಯೇ ನೋಡಿ. ಬಣ್ಣ ಬೇರೆ ಇರುವ, ವ್ಯಾನ್ ಅಥವಾ ಇಂಟರ್ನೆಟ್ ಎಂದು ಬರೆದಿರುವ ತೂತಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಪುಟ ತೆರೆಯುವುದಿಲ್ಲ. ಆ ಕಡೆಯಿಂದ ಬರುವವರನ್ನು ರೌಟರ್ ಹೊರಗಿನವರೆಂದೇ ಎಣಿಸುತ್ತದೆ.

ವಿಳಾಸ ಸರಿಯಿದ್ದೂ ಪುಟ ಬರದಿದ್ದರೆ

ಫೋನಿನಿಂದ ಪ್ರಯತ್ನಿಸುತ್ತಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ಇದು ಬಹಳ ಜನರನ್ನು ಸತಾಯಿಸುವ ಕಾರಣ. ವೈಫೈ ಜೋಡಿಯಾಗಿದೆ, ಆದರೆ ಅದರಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಅನೇಕ ಆಂಡ್ರಾಯ್ಡ್ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಿಗಿಯುತ್ತವೆ. ಮೇಲೆ ವೈಫೈ ಗುರುತು ಹಾಗೇ ಇರುತ್ತದೆ. ನೀವು ಕೇಳಿದ 192.168.1.1 ಸಿಮ್ ಕಂಪನಿಯ ಕಡೆಗೆ ಹೋಗಿ ಅಲ್ಲೇ ಸತ್ತುಹೋಗುತ್ತದೆ. ಇಂಟರ್ನೆಟ್ ಕೆಟ್ಟಾಗಲೇ ತಾನೇ ನಾವು ಸೆಟ್ಟಿಂಗ್ಸ್ ನೋಡಹೋಗುವುದು, ಹಾಗಾಗಿ ಈ ತೊಂದರೆ ಬೇಕಾದ ಹೊತ್ತಿಗೇ ಬರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈಯೊಂದನ್ನೇ ಮತ್ತೆ ಆನ್ ಮಾಡುವುದು ಸುಲಭದ ದಾರಿ. ಇಂಟರ್ನೆಟ್ ಇಲ್ಲ, ಆದರೂ ಸಂಪರ್ಕ ಇಟ್ಟುಕೊಳ್ಳಲೇ ಅಂತ ಫೋನು ಕೇಳಿದರೆ ಹೌದು ಎನ್ನಿ.

ವಿಪಿಎನ್ ಆ್ಯಪ್ ಇದ್ದರೆ ಅದನ್ನೂ ನಿಲ್ಲಿಸಿ. ಆಫೀಸಿನ ಲ್ಯಾಪ್‌ಟಾಪ್‌ಗಳಲ್ಲಿ ವಿಪಿಎನ್ ತಾನಾಗಿ ಶುರುವಾಗಿ ಮನೆಯ ರೌಟರ್ ಕಡೆಗಿನ ದಾರಿಯನ್ನು ಮುಚ್ಚಿರುತ್ತದೆ. ಅಂಥ ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಬಳಸದಿರುವುದೇ ಒಳ್ಳೆಯದು. ಇನ್ನು, ಗೆಸ್ಟ್ ವೈಫೈಯಲ್ಲಿ ಇದ್ದರೆ ಸೆಟ್ಟಿಂಗ್ಸ್ ಪುಟ ಸಿಗದಂತೆ ರೌಟರ್ ಬೇಕೆಂದೇ ತಡೆಯುತ್ತದೆ. ಮುಖ್ಯ ನೆಟ್‌ವರ್ಕ್‌ಗೆ ಬನ್ನಿ.

ಟೈಪ್ ಮಾಡುವಲ್ಲಿ ಆಗುವ ತಪ್ಪುಗಳೂ ಇವೆ. ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ ಅಲ್ಲ, ಬ್ರೌಸರ್‌ನ ಮೇಲಿನ ಅಡ್ರೆಸ್ ಬಾರ್‌ನಲ್ಲೇ ಹಾಕಬೇಕು. ಒಂದು ಎಂಬ ಅಂಕಿಯ ಜಾಗದಲ್ಲಿ ಇಂಗ್ಲಿಷಿನ ಎಲ್, ಸೊನ್ನೆಯ ಜಾಗದಲ್ಲಿ ಓ, ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಬಿದ್ದಿದ್ದರೆ ಬ್ರೌಸರ್ ಅದನ್ನು ವಿಳಾಸವೆಂದು ತಿಳಿಯದೆ ಹುಡುಕಾಟಕ್ಕೆ ಕಳಿಸುತ್ತದೆ. ಆ ಫಲಿತಾಂಶಗಳಲ್ಲಿ ರೌಟರ್ ಲಾಗಿನ್ ಮಾಡಿಕೊಡುತ್ತೇವೆ, ಈ ನಂಬರಿಗೆ ಕರೆ ಮಾಡಿ ಎನ್ನುವ ಪುಟಗಳು ಬಂದರೆ ಕರೆ ಮಾಡಬೇಡಿ. ಸೆಟ್ಟಿಂಗ್ಸ್ ಪುಟ ಇರುವುದು ನಿಮ್ಮ ಮನೆಯ ಡಬ್ಬಿಯೊಳಗೆ. ಅದನ್ನು ತೆರೆಯಲು ಹೊರಗಿನವರು ನಿಮ್ಮ ಕಂಪ್ಯೂಟರಿಗೆ ಕೈ ಹಾಕಬೇಕಾಗಿಲ್ಲ.

ಕೆಲವು ಸ್ಟಿಕ್ಕರ್‌ಗಳ ಮೇಲೆ ಅಂಕಿಗಳ ಬದಲು ಟಿಪಿಲಿಂಕ್‌ವೈಫೈ ಡಾಟ್ ನೆಟ್ ಎಂಬಂಥ ಹೆಸರಿರುತ್ತದೆ. ಆ ರೌಟರ್‌ಗೆ ಜೋಡಿಸಿಕೊಂಡಿದ್ದಾಗ ಮಾತ್ರ ಆ ಹೆಸರು ಕೆಲಸ ಮಾಡುತ್ತದೆ. ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ (ಹೆಸರಿನ ಹಿಂದಿನ ವಿಳಾಸವನ್ನು ರೌಟರ್ ಬದಲು ಹೊರಗೆ ಕೇಳುವ ಆಯ್ಕೆ) ಆನ್ ಇದ್ದರೆ ಆಗಲೂ ಕೈಕೊಡಬಹುದು. ಹಳೆಯ ಟಿಪಿ-ಲಿಂಕ್ ರೌಟರ್‌ಗಳ ಮೇಲೆ ಅಚ್ಚಾಗಿರುವ ಟಿಪಿಲಿಂಕ್‌ಲಾಗಿನ್ ಡಾಟ್ ನೆಟ್ ಎಂಬ ಹೆಸರನ್ನಂತೂ ಬಳಸಲೇಬೇಡಿ. ಅದು ಕಂಪನಿಯ ಕೈತಪ್ಪಿ ಹೋಗಿರುವ ವಿಚಾರ 2016ರಲ್ಲೇ ಸುದ್ದಿಯಾಗಿತ್ತು. ಅಂಕಿಗಳ ವಿಳಾಸವೇ ಭದ್ರ.

ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಇಂಗ್ಲಿಷ್ ಎಚ್ಚರಿಕೆ ಬಂದರೆ ಹೆದರಬೇಕಾಗಿಲ್ಲ. ರೌಟರ್ ತನಗೆ ತಾನೇ ಸರ್ಟಿಫಿಕೇಟ್ ಬರೆದುಕೊಂಡಿರುತ್ತದೆ, ಬ್ರೌಸರ್ ಅದನ್ನು ನಂಬುವುದಿಲ್ಲ. ವಿಳಾಸ ನಿಮ್ಮ ಗೇಟ್‌ವೇಯದೇ ಎಂದು ನೋಡಿಕೊಂಡು ಅಡ್ವಾನ್ಸ್ಡ್, ಆಮೇಲೆ ಪ್ರೊಸೀಡ್ ಒತ್ತಿ. ಬೇರಾವ ವೆಬ್‌ಸೈಟ್‌ನಲ್ಲೂ ಹೀಗೆ ಒತ್ತಬೇಡಿ. ಎಚ್ಚರಿಕೆಯೂ ಬರದೆ ಪುಟ ಬೆಳ್ಳಗೆ ಖಾಲಿ ಉಳಿದರೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ವಿಳಾಸದ ಮೊದಲಿಗೆ http:// ಎಂದು ಸೇರಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಬೇರೆ ಬ್ರೌಸರ್.

ಪಿಂಗ್ ಹೇಳುವ ಮಾತು

ಇನ್ನೂ ಆಗಲಿಲ್ಲವೆಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ (ping) ಎಂದು ಟೈಪ್ ಮಾಡಿ, ಜಾಗ ಬಿಟ್ಟು ಗೇಟ್‌ವೇ ವಿಳಾಸ ಹಾಕಿ. ರಿಪ್ಲೈ ಫ್ರಮ್ 192.168.1.1 ಎಂಬ ನಾಲ್ಕು ಸಾಲು ಬಂದರೆ ದಾರಿ ಸರಿಯಿದೆ, ರೌಟರ್ ಒಳಗಿನ ಪುಟ ಕೊಡುವ ಪ್ರೋಗ್ರಾಂ ಮಾತ್ರ ಮಲಗಿದೆ. ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ದೀಪಗಳು ನಿಲ್ಲುವವರೆಗೆ ಎರಡು ಮೂರು ನಿಮಿಷ ಕಾಯಿರಿ. ಬಹುಪಾಲು ಇದರಲ್ಲೇ ಎದ್ದುಕೊಳ್ಳುತ್ತದೆ. ಇದು ರೀಸ್ಟಾರ್ಟ್, ರೀಸೆಟ್ ಅಲ್ಲ. ಇದರಿಂದ ಏನೂ ಅಳಿಸುವುದಿಲ್ಲ.

ರಿಪ್ಲೈ ಫ್ರಮ್ ಎಂದಿದ್ದರೂ ಅದರ ಮುಂದಿನ ಸಂಖ್ಯೆಯನ್ನು ಓದಿ. ಅಲ್ಲಿ ನಿಮ್ಮ ಕಂಪ್ಯೂಟರಿನದೇ ವಿಳಾಸವಿದ್ದು, ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಎಂದಿದ್ದರೆ ಅದು ರೌಟರ್‌ನ ಉತ್ತರವಲ್ಲ. ಆ ವಿಳಾಸದಲ್ಲಿ ಯಾರೂ ಇಲ್ಲ ಅಂತ ನಿಮ್ಮ ಕಂಪ್ಯೂಟರೇ ಹೇಳುತ್ತಿದೆ.

ಪದೇ ಪದೇ ಹ್ಯಾಂಗ್ ಆಗುವ ರೌಟರ್ ಆದರೆ ಅಡಾಪ್ಟರ್ ನೋಡಿ. ಕರೆಂಟ್ ಹೋದಾಗ ಇರಲಿ ಅಂತ ಹಾಕಿದ ಮಿನಿ ಯುಪಿಎಸ್‌ನಿಂದ ಈ ತೊಂದರೆ ಬರುವುದುಂಟು. ರೌಟರ್ ತಳದಲ್ಲಿ 12 ವೋಲ್ಟ್ 1.5 ಆಂಪಿಯರ್ ಎಂದಿದ್ದು, ಕೊಟ್ಟಿರುವುದು 12 ವೋಲ್ಟ್ 1 ಆಂಪಿಯರ್ ಆದರೆ ದೀಪಗಳೆಲ್ಲ ಉರಿಯುತ್ತವೆ, ಆದರೆ ಕೆಲಸ ಹೆಚ್ಚಾದಾಗ ರೌಟರ್ ಒದ್ದಾಡುತ್ತದೆ. ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. 9 ವೋಲ್ಟಿನ ರೌಟರ್‌ಗೆ 12 ವೋಲ್ಟ್ ಪಿನ್ ಹೊಂದುತ್ತದೆ ಅಂತ ಚುಚ್ಚಿದರೆ ಸುಟ್ಟುಹೋಗಬಹುದು.

ಮನೆಯಲ್ಲಿ ಎರಡು ಡಬ್ಬಿ ಇದ್ದರೆ

ನಿಜವಾದ ಗೋಜಲು ಇಲ್ಲಿದೆ. ಫೈಬರ್ ಬಾಕ್ಸ್ ಹಾಲ್‌ನಲ್ಲಿ, ಅಂಗಡಿಯಿಂದ ತಂದ ಇನ್ನೊಂದು ರೌಟರ್ ಮಹಡಿಯಲ್ಲಿ. ಯಾವುದರ ಪುಟ ಬೇಕು, ನೀವು ಯಾವುದಕ್ಕೆ ಜೋಡಿಸಿಕೊಂಡಿದ್ದೀರಿ ಎರಡೂ ತಿಳಿದಿರಬೇಕು. ಫೈಬರ್ ಬಾಕ್ಸಿನ ಕೇಬಲ್ ಎರಡನೆಯದರ ವ್ಯಾನ್ ತೂತಿನಲ್ಲಿದ್ದರೆ, ಮಹಡಿಯ ವೈಫೈಯಿಂದ ಎರಡರ ಪುಟವೂ ಸಿಗುತ್ತದೆ, ವಿಳಾಸಗಳ ಸಾಲು (ಮೊದಲ ಮೂರು ಸಂಖ್ಯೆಗಳು) ಬೇರೆ ಬೇರೆ ಇರಬೇಕು ಅಷ್ಟೆ. ಹಾಲ್‌ನ ವೈಫೈಯಿಂದ ಮಹಡಿಯದರ ಪುಟ ಮಾಮೂಲಾಗಿ ಸಿಗುವುದಿಲ್ಲ.

ಎರಡೂ 192.168.1.1 ಆಗಿದ್ದರೆ ಜಗಳ ಶುರು. ಕೆಲವು ರೌಟರ್‌ಗಳು ಘರ್ಷಣೆ ಕಂಡ ಕೂಡಲೇ ತಮ್ಮ ವಿಳಾಸವನ್ನು ತಾವೇ ಬದಲಿಸಿಕೊಳ್ಳುತ್ತವೆ. ನಿನ್ನೆ ತೆರೆದ ಪುಟ ಇವತ್ತು ಕಾಣದಿರುವುದಕ್ಕೆ ಇದೂ ಕಾರಣ, ಗೇಟ್‌ವೇ ಮತ್ತೆ ನೋಡಿದರೆ ಹೊಸ ವಿಳಾಸ ಸಿಗುತ್ತದೆ. ಹಾಗೆ ಬದಲಿಸಿಕೊಳ್ಳದ ರೌಟರ್ ಆದರೆ ನೀವೇ ಬದಲಿಸಿ. ಮಹಡಿಯ ರೌಟರ್‌ನ ವ್ಯಾನ್ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪನ್ನು ಅದರ ಲ್ಯಾನ್ ತೂತಿಗೆ ಜೋಡಿಸಿ ಪುಟ ತೆರೆಯಿರಿ, ಲ್ಯಾನ್ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು 192.168.10.1 ಮಾಡಿ ಸೇವ್ ಒತ್ತಿ. ಒತ್ತಿದ ಕೂಡಲೇ ಪುಟ ಕಾಣೆಯಾಗುತ್ತದೆ, ಅದು ಸರಿಯೇ. ಕೇಬಲ್ ಒಮ್ಮೆ ಬಿಚ್ಚಿ ಹಾಕಿ ಹೊಸ ವಿಳಾಸದಲ್ಲಿ ಒಳಹೋಗಿ. ಆಮೇಲೆ ವ್ಯಾನ್ ಕೇಬಲ್ ವಾಪಸ್ ಜೋಡಿಸಿ.

ಎರಡನೆಯದನ್ನು ಬರೀ ವೈಫೈ ಹಬ್ಬಿಸಲು, ಡಿಎಚ್‌ಸಿಪಿ ಆಫ್ ಮಾಡಿ ಲ್ಯಾನ್‌ನಿಂದ ಲ್ಯಾನ್‌ಗೆ ಜೋಡಿಸಿದ್ದರೆ ಗೇಟ್‌ವೇ ಹುಡುಕುವ ಉಪಾಯ ನಡೆಯುವುದಿಲ್ಲ. ಅದು ಯಾವಾಗಲೂ ಫೈಬರ್ ಬಾಕ್ಸಿನ ವಿಳಾಸವನ್ನೇ ತೋರಿಸುತ್ತದೆ. ಎರಡನೆಯದು ತನ್ನ ಹಳೆಯ 192.168.0.1ರಲ್ಲೇ ಕೂತಿರುತ್ತದೆ, ನಿಮ್ಮ ಲ್ಯಾಪ್‌ಟಾಪ್ 192.168.1 ಸಾಲಿನಲ್ಲಿರುತ್ತದೆ, ಒಂದಕ್ಕೊಂದು ಕಾಣುವುದಿಲ್ಲ. ಆ ರೌಟರನ್ನು ಉಳಿದೆಲ್ಲದರಿಂದ ಬಿಡಿಸಿ ಲ್ಯಾಪ್‌ಟಾಪ್‌ಗೆ ನೇರ ಜೋಡಿಸಿ. ವಿಂಡೋಸ್‌ನಲ್ಲಿ ಈಥರ್ನೆಟ್‌ನ ಪ್ರಾಪರ್ಟೀಸ್ ತೆರೆದು ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಆರಿಸಿ, ಐಪಿ ವಿಳಾಸ 192.168.0.50, ಸಬ್‌ನೆಟ್ ಮಾಸ್ಕ್ 255.255.255.0 ತುಂಬಿ. ಗೇಟ್‌ವೇ ಖಾಲಿ ಬಿಡಿ. ಈಗ 192.168.0.1 ತೆರೆಯುತ್ತದೆ. ಒಳಗೆ ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿಬಿಟ್ಟರೆ ಮುಂದೆ ಮನೆಯ ಯಾವ ಸಾಧನದಿಂದಲೂ ಸಿಗುತ್ತದೆ. ಫೈಬರ್ ಬಾಕ್ಸ್ ಹಂಚುವ ವಿಳಾಸಗಳ ಪಟ್ಟಿಯಲ್ಲಿ ಆ ನಂಬರ್ ಇರದಂತೆ ನೋಡಿಕೊಳ್ಳಿ. ಮುಗಿದ ಮೇಲೆ ಲ್ಯಾಪ್‌ಟಾಪನ್ನು ತಪ್ಪದೆ ಆಟೋಮ್ಯಾಟಿಕ್‌ಗೆ ತನ್ನಿ, ಇಲ್ಲದಿದ್ದರೆ ಮುಂದಿನ ಸಲ ಕೇಬಲ್ ಜೋಡಿಸಿದಾಗ ನೆಟ್ ಬರದೆ ತಲೆಕೆಡಿಸಿಕೊಳ್ಳುತ್ತೀರಿ.

ಪುಟ ಬಂತು, ಪಾಸ್‌ವರ್ಡ್ ಹಿಡಿಯುತ್ತಿಲ್ಲ

ವೈಫೈ ಪಾಸ್‌ವರ್ಡ್ ಬೇರೆ, ಸೆಟ್ಟಿಂಗ್ಸ್ ಪುಟದ ಅಡ್ಮಿನ್ ಪಾಸ್‌ವರ್ಡ್ ಬೇರೆ. ಹಲವು ರೌಟರ್‌ಗಳಲ್ಲಿ ಎರಡೂ ಸ್ಟಿಕ್ಕರ್ ಮೇಲೆ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಹೊಸ ಮಾಡೆಲ್‌ಗಳು ಮೊದಲ ಸಲ ತೆರೆದಾಗಲೇ ಪಾಸ್‌ವರ್ಡ್ ಮಾಡಿಸಿಕೊಳ್ಳುತ್ತವೆ, ಆದ್ದರಿಂದ ಯೂಸರ್‌ನೇಮ್, ಪಾಸ್‌ವರ್ಡ್ ಎರಡಕ್ಕೂ ಅಡ್ಮಿನ್ ಎಂದು ಹಾಕುವ ಹಳೆಯ ರೂಢಿ ಅಲ್ಲಿ ನಡೆಯದು. ಸುಮ್ಮನೆ ಊಹಿಸುತ್ತಾ ಹೋಗಬೇಡಿ, ಕೆಲವು ಸಲ ತಪ್ಪಿದರೆ ರೌಟರ್ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ. ಅನೇಕ ರೌಟರ್‌ಗಳು ಒಂದು ಹೊತ್ತಿಗೆ ಒಬ್ಬರನ್ನಷ್ಟೇ ಒಳಗೆ ಬಿಡುತ್ತವೆ. ಇನ್ನೊಂದು ಫೋನಿನಲ್ಲಿ ಪುಟ ತೆರೆದಿದ್ದರೆ ಅಲ್ಲಿ ಲಾಗೌಟ್ ಮಾಡಿ. ಇಂಟರ್ನೆಟ್ ಕಂಪನಿಯ ಬಾಕ್ಸ್ ಆದರೆ ಅನುಸ್ಥಾಪನೆಗೆ ಬಂದವರು ಪಾಸ್‌ವರ್ಡ್ ಬದಲಿಸಿರುವುದು ಮಾಮೂಲು. ಅವರಿಗೇ ಕರೆ ಮಾಡಿ ಕೇಳಿ, ಕೇಳುವುದು ನಿಮ್ಮ ಹಕ್ಕು.

ರೀಸೆಟ್ ಮಾಡಲೇಬೇಕಾದರೆ

ಅಂಗಡಿಯಿಂದ ನೀವೇ ತಂದ ರೌಟರ್ ಆಗಿದ್ದು ಅಡ್ಮಿನ್ ಪಾಸ್‌ವರ್ಡ್ ಮರೆತೇ ಹೋಗಿದ್ದರೆ ಬೇರೆ ದಾರಿಯಿಲ್ಲ. ಮೊದಲು ಕೇಬಲ್‌ನವರಿಂದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಇದೆಯೇ, ವಿಲ್ಯಾನ್ ನಂಬರ್ ಬೇಕೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ತಳದ ಸ್ಟಿಕ್ಕರ್‌ನ ಫೋಟೊ, ಯಾವ ಕೇಬಲ್ ಯಾವ ತೂತಿನಲ್ಲಿದೆ ಎಂಬುದರ ಫೋಟೊ ತೆಗೆದುಕೊಳ್ಳಿ. ರೌಟರ್ ಆನ್ ಇರುವಾಗಲೇ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು, ದೀಪಗಳು ಮಿನುಗಿದಾಗ ಬಿಡಿ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಟೈಪ್ ಮಾಡದೆ ಸಾಧನ ಜೋಡಿಸುವ ಸೌಲಭ್ಯ) ಮತ್ತು ರೀಸೆಟ್ ಒಂದೇ ಗುಂಡಿ. ಚೂರು ಒತ್ತಿ ಬಿಟ್ಟರೆ ಡಬ್ಲ್ಯೂಪಿಎಸ್ ಶುರುವಾಗುತ್ತದೆ, ರೀಸೆಟ್ ಆಗುವುದಿಲ್ಲ. ಮಧ್ಯದಲ್ಲಿ ಕರೆಂಟ್ ತೆಗೆಯಬೇಡಿ.

ಎರಡು ಮೂರು ನಿಮಿಷದ ನಂತರ ಸ್ಟಿಕ್ಕರ್ ಮೇಲಿನ ಹಳೆಯ ವೈಫೈ ಹೆಸರು ಕಾಣಿಸುತ್ತದೆ. ಜೋಡಿಸಿಕೊಂಡು, ಗೇಟ್‌ವೇ ನೋಡಿ ಒಳಹೋಗಿ. ಇಂಟರ್ನೆಟ್ ವಿವರ ತುಂಬುವ ಮೊದಲೇ ಹೊಸ ಅಡ್ಮಿನ್ ಪಾಸ್‌ವರ್ಡ್ ಹಾಕಿ ಬರೆದಿಟ್ಟುಕೊಳ್ಳಿ, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ಈ ಪುಟ ತೆರೆಯಲು ಬಿಡುವ ಆಯ್ಕೆ) ಆಫ್ ಇದೆಯೇ ನೋಡಿ, ಆಮೇಲೆ ಪಿಪಿಪಿಒಇ ಇದ್ದರೆ ಅದನ್ನು ಆರಿಸಿ ವಿವರ ತುಂಬಿ. ಎಲ್ಲ ಸರಿಯಾದ ಮೇಲೆ ಬ್ಯಾಕಪ್ ಎಂಬ ಆಯ್ಕೆಯಿಂದ ಸೆಟ್ಟಿಂಗ್ಸ್ ಫೈಲನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಮುಂದೆ ಎಂದಾದರೂ ರೀಸೆಟ್ ಮಾಡಬೇಕಾಗಿ ಬಂದರೆ ಆ ಫೈಲನ್ನು ವಾಪಸ್ ಏರಿಸಿದರೆ ಸಾಕು.