ಶಾಡು ಮಣ್ಣಲ್ಲಿ ಒಂದು ಮೊಸಸಾರಸ್

ಗಣಪತಿ ಹಬ್ಬ ಮುಗಿದ ಮೇಲೆ ಪುಣೆಯ ಕೊತ್ರೂಡಿನ ನಮ್ಮ ಮನೆಯಲ್ಲಿ ಶಾಡು ಮಣ್ಣು, ಅಂದರೆ ಗಣಪತಿ ಮೂರ್ತಿ ಮಾಡುವ ಜೇಡಿಮಣ್ಣು, ಉಳಿದೇ ಉಳಿಯುತ್ತದೆ. ಅದರಲ್ಲಿ ಧಾರವಾಡದಿಂದ ಬರುವ ತಮ್ಮನ ಮಗಳಿಗೆ ನಾನು ಮಾಡಿಸುವುದು ಮೊಸಸಾರಸ್. ಡೈನೋಸಾರ್ ಅಲ್ಲ ಮತ್ತೆ! 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಕಡಲ ಹಲ್ಲಿ ಇದು.

ಮಣ್ಣನ್ನು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ಒಳಗೆ ತಂತಿ ಹಾಕಬೇಡಿ. ಒಣಗುವಾಗ ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಬಿರುಕು ಗ್ಯಾರಂಟಿ. ಮೈ 35 ಸೆಂ.ಮೀ. ಇದ್ದರೆ ತಲೆ 5 ಸೆಂ.ಮೀ. ಸಾಕು.

ಜಾಸ್ತಿ ಹೊತ್ತು ಬಾಯಿಗೆ ಕೊಡಿ. ಬಾಯಿ ತೆರೆದೇ ಇರಲಿ. ದವಡೆಯ ಅಂಚಿಗೆ ಅಕ್ಕಿ ಕಾಳು ನೆಡಿ. ಆಮೇಲೆ ಅಂಗುಳಲ್ಲಿ, ಒಳಗಡೆ, ನುಚ್ಚಕ್ಕಿಯಿಂದ ಇನ್ನೆರಡು ಸಾಲು. ಹಿಡಿದ ಬೇಟೆ ಜಾರದಂತೆ ತಡೆಯುವ ಹಲ್ಲುಗಳವು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಸುಣ್ಣಕಲ್ಲಿನ ಗಣಿಯಲ್ಲಿ 18ನೇ ಶತಮಾನದಲ್ಲಿ ಇದರ ತಲೆಬುರುಡೆ ಸಿಕ್ಕಾಗ ಕೆಲವರು ಮೊಸಳೆ ಅಂದರು, ಕೆಲವರು ತಿಮಿಂಗಿಲ ಅಂದರು. ಮೊಸಳೆಯ ಅಂಗುಳಲ್ಲಿ ಹಲ್ಲು ಎಲ್ಲಿರುತ್ತದೆ ಹೇಳಿ? 1799ರಲ್ಲಿ ಡಚ್ ವಿಜ್ಞಾನಿ ಏಡ್ರಿಯಾನ್ ಕಾಂಪರ್ ಇದು ಉಡದ ಬಳಗದ್ದು ಎಂದರು. 1808ರಲ್ಲಿ ಫ್ರಾನ್ಸಿನ ವಿಜ್ಞಾನಿ ಕ್ಯುವಿಯೆ ಕೂಡ ಒಪ್ಪಿದರು. ಕೆಳದವಡೆಯ ನಡುವೆ ಬೆಂಕಿಕಡ್ಡಿಯಿಂದ ಒಂದು ಓರೆ ಗೆರೆ ಎಳೆಯಿರಿ. ಅಲ್ಲೊಂದು ಕೀಲಿತ್ತು.

ಕಾಲು, ಉಗುರು ಬೇಡ, ದೋಣಿಯ ಹುಟ್ಟಿನಂಥ ನಾಲ್ಕು ಹುಟ್ಟುಗಳು ಸಾಕು. ಅಂಟಿಸುವ ಎರಡೂ ಕಡೆ ಗೀರಿ, ತೆಳು ಮಣ್ಣಿನ ನೀರು ಸವರಿ ಒತ್ತಿ.

ಬಾಲ ನೇರ ಬಿಡಬೇಡಿ. ತುದಿಯನ್ನು ಕೆಳಕ್ಕೆ ಬಗ್ಗಿಸಿ, ಬಗ್ಗಿದ ಜಾಗದ ಮೇಲೆ ಸಣ್ಣ ಈಜುರೆಕ್ಕೆ ಇಡಿ. ಶಾರ್ಕಿಗೆ ಬೆನ್ನೆಲುಬು ಮೇಲಕ್ಕೆ ಹೋಗುತ್ತದೆ, ಇದಕ್ಕೆ ಕೆಳಕ್ಕೆ. ಜೋರ್ಡಾನ್‌ನಲ್ಲಿ ಸಿಕ್ಕ ಇದರ ಬಂಧು ಪ್ರೊಗ್ನಾಥೋಡಾನ್‌ನ ಪಳೆಯುಳಿಕೆಯಲ್ಲಿ ಆ ರೆಕ್ಕೆಯ ಗುರುತೂ ಉಳಿದಿತ್ತು. 2013ರಲ್ಲಿ ಅದರ ವರದಿ ಬಂತು.

"ಅತ್ಯಾ, ಬೆನ್ನಿಗೆ ಮುಳ್ಳು?" ಅಂತ ಕೇಳೇ ಕೇಳುತ್ತಾಳೆ. ಬೇಡ. ಹಳೆಯ ಚಿತ್ರಗಳಲ್ಲಿ ಬೆನ್ನ ಮೇಲಿರುವ ಆ ಮುಳ್ಳಿನಂಥ ಜಾಲರಿಗೆ ಕಾರಣ, ಶ್ವಾಸನಾಳದ ಮೃದ್ವಸ್ಥಿಯನ್ನು ಬೆನ್ನಿನದ್ದು ಎಂದುಕೊಂಡದ್ದು. ಹಾಗೆಂದುಕೊಂಡಿದ್ದ ಅಮೆರಿಕದ ಪಳೆಯುಳಿಕೆ ತಜ್ಞ ವಿಲ್ಲಿಸ್ಟನ್ ಅವರೇ ಮುಂದೆ ತಿದ್ದಿಕೊಂಡರು. ಚಿತ್ರ ಬಿಡಿಸುವವರು ಮಾತ್ರ ಬಿಡಲಿಲ್ಲ.

ನೆರಳಲ್ಲೇ ಒಣಗಿಸಿ. ಬಾಲ, ಹುಟ್ಟು ತೆಳುವಾದ್ದರಿಂದ ಬೇಗ ಒಣಗಿ ಮುರಿಯುತ್ತವೆ, ಅವಕ್ಕೆ ಮೊದಲ ದಿನ ಒದ್ದೆ ಬಟ್ಟೆ ಸುತ್ತಿ. ಪೂರ್ತಿ ಒಣಗಿದ ಮೇಲೆ ಪೋಸ್ಟರ್ ಬಣ್ಣ: ಬೆನ್ನು ಕಪ್ಪು, ಹೊಟ್ಟೆ ತಿಳಿ. ಇದರ ಬಂಧುಗಳಲ್ಲೊಂದರ ಚರ್ಮದ ಪಳೆಯುಳಿಕೆಯಲ್ಲಿ ಕಪ್ಪು ವರ್ಣದ್ರವ್ಯ ಸಿಕ್ಕಿದೆ, ಹೊಟ್ಟೆಯ ಬಣ್ಣ ನನ್ನ ಊಹೆ. ಸುಡದ ಮಣ್ಣು ನೀರಿಗೆ ಕರಗುತ್ತದೆ. ಕಡಲ ಪ್ರಾಣಿ ಅಲ್ವಾ ಅಂತ ಮಕ್ಕಳು ಬಕೆಟ್‌ಗೆ ಬಿಟ್ಟಾರು, ಮೇಲಿನ ಶೆಲ್ಫಿನಲ್ಲಿಡಿ.